ಮುಗಿಯದ ‘ಹಂಗಾಮಿ’ ಆಶ್ರಯ

ಕೆರಿಬಿಯನ್ ಸಮುದ್ರದಲ್ಲಿ ಮಾಂಟ್ಸೆರಾಟ್ ಎಂಬ ಪುಟ್ಟ ದ್ವೀಪವಿದೆ. ಬ್ರಿಟನ್ನಿನ ಅಧೀನಕ್ಕೆ ಸೇರಿದ್ದು. 1995ರ ಜುಲೈನಲ್ಲಿ ಅಲ್ಲಿನ ಜ್ವಾಲಾಮುಖಿ ಬಾಯ್ದೆರೆಯಿತು. ಎರಡೇ ವರ್ಷಗಳಲ್ಲಿ ರಾಜಧಾನಿ ಪ್ಲಿಮತ್ ಬೂದಿಯಲ್ಲಿ ಹೂತುಹೋಯಿತು; ಬಹುಪಾಲು ಜನ ದ್ವೀಪ ಬಿಟ್ಟರು. ಆಗ ಅಮೆರಿಕದಲ್ಲಿದ್ದ ಕೆಲವೇ ನೂರು ಮಂದಿಗೆ ಅಲ್ಲಿನ ಸರ್ಕಾರ, ಊರು ಸರಿಹೋಗುವತನಕ ಇರಲು 1997ರಲ್ಲಿ ಅನುಮತಿ ಕೊಟ್ಟಿತು. 2005ರ ಫೆಬ್ರುವರಿಯಲ್ಲಿ ಆ ಅನುಮತಿ ರದ್ದಾಯಿತು. ಜ್ವಾಲಾಮುಖಿ ತಣ್ಣಗಾಯಿತೆಂದಲ್ಲ. ಅದು ಇನ್ನೂ ದಶಕಗಳ ಕಾಲ ಉಗುಳುತ್ತಲೇ ಇರಬಹುದು, ಆದ್ದರಿಂದ ಇದನ್ನು ತಾತ್ಕಾಲಿಕ ತೊಂದರೆ ಎನ್ನಲಾಗದು ಎಂಬ ಕಾರಣಕ್ಕೆ!

ಕೇಳಿದರೆ ನಗು ಬರುವಂಥ ತರ್ಕ. ಆದರೆ ಕಾಯ್ದೆಯ ಅಕ್ಷರ ಹಿಡಿದು ನೋಡಿದರೆ ತಪ್ಪು ಹುಡುಕುವುದು ಸುಲಭವಲ್ಲ. ಅಮೆರಿಕದ ‘ತಾತ್ಕಾಲಿಕ ಸಂರಕ್ಷಿತ ಸ್ಥಾನಮಾನ’ (ಟಿಪಿಎಸ್) ಎಂಬ ವ್ಯವಸ್ಥೆಯ ತೊಡಕೆಲ್ಲ ಈ ಒಂದು ಪದದಲ್ಲೇ ಇದೆ.

ಈ ವ್ಯವಸ್ಥೆ ಹುಟ್ಟಿದ್ದು 1990ರ ವಲಸೆ ಕಾಯ್ದೆಯಲ್ಲಿ. ಅದರ ಹಿಂದೆ ಎಲ್ ಸಾಲ್ವಡಾರ್ ದೇಶದ ಅಂತರ್ಯುದ್ಧವಿತ್ತು. ಯುದ್ಧಕ್ಕೆ ಹೆದರಿ ಲಕ್ಷಾಂತರ ಜನ ಅಮೆರಿಕಕ್ಕೆ ನುಸುಳಿದ್ದರು. ಅಲ್ಲಿನ ಸರ್ಕಾರಕ್ಕೆ ಹಣ, ಮದ್ದುಗುಂಡು ಒದಗಿಸುತ್ತಿದ್ದುದು ಅಮೆರಿಕವೇ. ಮಿತ್ರ ಸರ್ಕಾರದ ಪ್ರಜೆಗಳನ್ನು ನಿರಾಶ್ರಿತರೆಂದು ಒಪ್ಪಿಕೊಳ್ಳುವುದು ಹೇಗೆ? 1980ರ ದಶಕದ ನಡುವಿನಲ್ಲಿ ಅವರು ಹಾಕಿದ ನೂರು ಅರ್ಜಿಗಳಲ್ಲಿ ಮೂರು ಕೂಡ ಮಂಜೂರಾಗುತ್ತಿರಲಿಲ್ಲ. ಕೆಲವು ಚರ್ಚುಗಳು ಅವರನ್ನು ಬಚ್ಚಿಟ್ಟು ಕಾಪಾಡಿದವು. ಮ್ಯಾಸಚೂಸೆಟ್ಸಿನ ಸಂಸದ ಜೋ ಮೋಕ್ಲಿ ವರ್ಷಗಟ್ಟಲೆ ಪಟ್ಟು ಹಿಡಿದ ಫಲವಾಗಿ ಒಂದು ನಡುದಾರಿ ಸಿಕ್ಕಿತು. ನಿರಾಶ್ರಿತರೆನ್ನುವುದು ಬೇಡ, ವಾಪಸು ಕಳಿಸುವುದೂ ಬೇಡ.

ಯುದ್ಧ, ಪ್ರಕೃತಿ ವಿಕೋಪ ಅಥವಾ ಬೇರೆ ಅಸಾಧಾರಣ ಪರಿಸ್ಥಿತಿ ಇರುವ ದೇಶವನ್ನು ಸರ್ಕಾರ ಪಟ್ಟಿಗೆ ಸೇರಿಸುತ್ತದೆ. ಗೊತ್ತುಪಡಿಸಿದ ದಿನಕ್ಕೆ ಅಮೆರಿಕದೊಳಗೇ ಇರುವ ಆ ದೇಶದವರು ಅರ್ಜಿ ಹಾಕಬಹುದು. ಗಡೀಪಾರಿನ ಭಯವಿಲ್ಲ, ದುಡಿಯಲು ಪರವಾನಗಿ ಉಂಟು. ಒಮ್ಮೆಗೆ ಆರು ತಿಂಗಳಿಂದ ಹದಿನೆಂಟು ತಿಂಗಳು. ಅವಧಿ ಮುಗಿಯುವ 60 ದಿನ ಮೊದಲು ಸರ್ಕಾರ ಮತ್ತೆ ಪರಿಶೀಲಿಸಿ ಮುಂದುವರಿಸಬೇಕು ಇಲ್ಲವೇ ನಿಲ್ಲಿಸಬೇಕು. ಎಷ್ಟು ಸಲ ಮುಂದುವರಿಸಬಹುದೆಂಬ ಮಿತಿಯಿಲ್ಲ. ಎಷ್ಟು ವರ್ಷ ಇದ್ದರೂ ಅದರಿಂದಲೇ ಕಾಯಂ ವಾಸದ ಹಕ್ಕು, ಅಂದರೆ ಗ್ರೀನ್ ಕಾರ್ಡ್ ಬರುವುದೂ ಇಲ್ಲ. ನಮ್ಮ ಸಾಫ್ಟ್‌ವೇರ್ ಎಂಜಿನಿಯರುಗಳ ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ಭಾರತ ಈ ಪಟ್ಟಿಗೆ ಸೇರಿದ್ದೇ ಇಲ್ಲ.

ಯುದ್ಧ ನಿಂತ ಕಡೆ ವಿಷಯ ಸಲೀಸಾಗಿ ಮುಗಿಯಿತು. ಕುವೈತ್, ರುವಾಂಡ, ಬೋಸ್ನಿಯಾ, ಕೊಸೊವೊ ಒಂದೊಂದಾಗಿ ಪಟ್ಟಿಯಿಂದ ಹೊರಬಂದವು. ಕಗ್ಗಂಟಾದದ್ದು ಬಡದೇಶಗಳ ಪ್ರಕೃತಿ ವಿಕೋಪಗಳ ವಿಷಯದಲ್ಲಿ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್, ನಿಕರಾಗುವಾ ಸೇರಿದವು. 2001ರ ಜನವರಿ ನಮಗೆ ನೆನಪಿರುವುದು ಭುಜ್ ಭೂಕಂಪದಿಂದ. ಅದಕ್ಕೆ ಹದಿಮೂರು ದಿನ ಮೊದಲು ಎಲ್ ಸಾಲ್ವಡಾರ್ ನಡುಗಿತ್ತು, ಮುಂದಿನ ತಿಂಗಳು ಮತ್ತೆ ನಡುಗಿತು. ಆ ದೇಶ ಎರಡನೇ ಬಾರಿ ಪಟ್ಟಿಗೆ ಬಂತು. 2010ರಲ್ಲಿ ಹೈಟಿ, 2015ರಲ್ಲಿ ನೇಪಾಳ, ಎರಡೂ ಭೂಕಂಪದಿಂದಲೇ.

ಕುಸಿದ ಮನೆ ಹತ್ತು ವರ್ಷದಲ್ಲಿ ಎದ್ದೀತು. ಆದರೆ ಅಷ್ಟರಲ್ಲಿ ಬರ ಬಂದಿರುತ್ತದೆ, ಇನ್ನೊಂದು ಬಿರುಗಾಳಿ ಬೀಸಿರುತ್ತದೆ, ಊರಿನಲ್ಲಿ ಬಂದೂಕು ಹಿಡಿದ ಗುಂಪುಗಳು ಬೆಳೆದಿರುತ್ತವೆ. ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ? ಹಿಂದಿನ ಸರ್ಕಾರಗಳು ಹಿಡಿಯುತ್ತಿದ್ದವು. 2017ರಲ್ಲಿ ಅಧಿಕಾರಕ್ಕೆ ಬಂದ ಟ್ರಂಪ್ ಸರ್ಕಾರ, ಮೊದಲು ಪಟ್ಟಿಗೆ ಸೇರಿಸಲು ಕಾರಣವಾದ ವಿಕೋಪವೊಂದನ್ನೇ ನೋಡಬೇಕೆಂದು ವಾದಿಸಿ, ಆರು ದೇಶಗಳಿಗೆ ರಕ್ಷಣೆ ನಿಲ್ಲಿಸುವುದಾಗಿ ಘೋಷಿಸಿತು. ಅದರಲ್ಲಿ ಎಲ್ ಸಾಲ್ವಡಾರ್ ಒಂದರವರೇ ಸುಮಾರು 2 ಲಕ್ಷ. ನೇಪಾಳದವರು 9 ಸಾವಿರದಷ್ಟು. 2018ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಲಯ ಆ ಪೈಕಿ ನಾಲ್ಕು ದೇಶಗಳ ವಿಷಯದಲ್ಲಿ ತಡೆಯಾಜ್ಞೆ ಕೊಟ್ಟಿತು. 2025ರ ಜನವರಿಯಲ್ಲಿ ಬೈಡನ್ ಸರ್ಕಾರ ಎಲ್ ಸಾಲ್ವಡಾರ್‌ಗೆ 2026ರ ಸೆಪ್ಟೆಂಬರ್‌ವರೆಗೆ ಅವಧಿ ವಿಸ್ತರಿಸಿದಾಗ ಕೊಟ್ಟ ಕಾರಣಗಳಲ್ಲಿ 2023 ಮತ್ತು 2024ರ ಬಿರುಗಾಳಿ, ಮಳೆಗಳೂ ಇದ್ದವು.

ನಿಲ್ಲಿಸಬೇಕೆನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಹೆಸರೇ ತಾತ್ಕಾಲಿಕ, ಒಮ್ಮೆ ಕೊಟ್ಟದ್ದನ್ನು ಹಿಂತೆಗೆಯಲು ಆಗುವುದೇ ಇಲ್ಲವೆಂದಾದರೆ ನಾಳೆ ಇನ್ನೊಂದು ದೇಶದಲ್ಲಿ ಅನಾಹುತವಾದಾಗ ಕೊಡಲು ಯಾವ ಸರ್ಕಾರವೂ ಹಿಂಜರಿಯುತ್ತದೆ. ಆದರೆ ಎರಡು ದಶಕ ತೆರಿಗೆ ಕಟ್ಟಿ, ಮನೆ ಮಾಡಿಕೊಂಡು ಬದುಕಿದವರ ಮಕ್ಕಳು ಅಮೆರಿಕದಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು. ತಂದೆತಾಯಿ ಹೊರಡಬೇಕು, ಮಕ್ಕಳು ಇರಬಹುದು.

ಹಂಗಾಮಿ ಎಂಬ ಪದದ ಮಹಿಮೆ ನಮ್ಮ ಓದುಗರಿಗೆ ಹೊಸದಲ್ಲ. ಸರ್ಕಾರಿ ಕಚೇರಿಗಳ ದಿನಗೂಲಿ ನೌಕರರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಬಹುಕಾಲ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಎಂದಿತು. ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ಇಂಥದೇ ಮಾತು ಹೇಳಿತು: ಕಳ್ಳದಾರಿಯಲ್ಲಿ ಒಳಬಂದವನಿಗೆ ಟಿಪಿಎಸ್ ಸಿಕ್ಕಿದೆಯೆಂದು ಅವನು ಕಾನೂನುಬದ್ಧವಾಗಿ ಪ್ರವೇಶಿಸಿದಂತಾಗದು, ಗ್ರೀನ್ ಕಾರ್ಡ್ ಕೇಳುವಂತಿಲ್ಲ. ಒಂದು ವ್ಯತ್ಯಾಸವಿದೆ. ನಮ್ಮ ನ್ಯಾಯಾಲಯ ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಬಾರಿಗೆ ಪರಿಗಣಿಸಲು ಅವಕಾಶವಿಟ್ಟಿತ್ತು.

2025ರಲ್ಲಿ ಟ್ರಂಪ್ ಮತ್ತೆ ಬಂದ ಮೇಲೆ ಕೆಲಸ ಚುರುಕಾಯಿತು. ಹಿಂದಿನ ಸರದಿಯಲ್ಲಿ ಎಲ್ ಸಾಲ್ವಡಾರ್‌ನವರಿಗೆ ಗಂಟುಮೂಟೆ ಕಟ್ಟಲು ಹದಿನೆಂಟು ತಿಂಗಳು ಕೊಡಲಾಗಿತ್ತು. ಈ ಬಾರಿ ನೇಪಾಳದವರಿಗೆ ಜೂನ್‌ನಲ್ಲಿ ಪ್ರಕಟಣೆ, ಆಗಸ್ಟ್ 5ಕ್ಕೆ ಮುಕ್ತಾಯ. ಹೊಂಡುರಾಸ್, ನಿಕರಾಗುವಾಗಳಿಗೆ ಸೆಪ್ಟೆಂಬರ್ 8 ಗಡುವಾಯಿತು. ಮಿಚ್ ಬೀಸಿ ಇಪ್ಪತ್ತಾರು ವರ್ಷ ಕಳೆದಿತ್ತು. ವೆನೆಜುವೆಲಾದ ಸುಮಾರು ಮೂರೂವರೆ ಲಕ್ಷ ಜನರ ರಕ್ಷಣೆಯನ್ನು ತೆಗೆಯಲು ಸುಪ್ರೀಂ ಕೋರ್ಟ್ ಮೇ ತಿಂಗಳಲ್ಲೇ ದಾರಿ ಬಿಟ್ಟಿತ್ತು. ಕೆಳಗಿನ ನ್ಯಾಯಾಲಯಗಳಲ್ಲಿ ಹಗ್ಗಜಗ್ಗಾಟ ನಡೆದೇ ಇತ್ತು.

ಈ ಕಗ್ಗಂಟಿನಿಂದ ಸಂಸತ್ತಿನ ಮೂಲಕ ದಾರಿ ಕಂಡವರೂ ಇದ್ದಾರೆ. ಅಂತರ್ಯುದ್ಧದಿಂದಾಗಿ ಲೈಬೀರಿಯಾದವರಿಗೆ 1991ರಲ್ಲಿ ರಕ್ಷಣೆ ಸಿಕ್ಕಿತ್ತು. ಮುಂದೆ ಅದು ಬೇರೆ ಬೇರೆ ಹೆಸರಿನಲ್ಲಿ, ಗಡುವಿನ ಮೇಲೆ ಗಡುವಾಗಿ ಎಳೆಯುತ್ತಾ ಹೋಯಿತು. 2019ರ ಡಿಸೆಂಬರಿನಲ್ಲಿ ರಕ್ಷಣಾ ವೆಚ್ಚದ ಮಸೂದೆಯೊಳಗೆ ಸೇರಿಸಿದ ಒಂದು ಪ್ರಸ್ತಾವದ ಮೂಲಕ ಅವರಿಗೆ ಕಾಯಂ ವಾಸದ ಅವಕಾಶ ದೊರೆಯಿತು. ಅರ್ಜಿ ಹಾಕಲು ಅದಕ್ಕೂ ಒಂದು ಗಡುವಿತ್ತು, ಒಂದು ವರ್ಷದ್ದು. ಅದನ್ನೂ ಇನ್ನೊಂದು ವರ್ಷ ವಿಸ್ತರಿಸಬೇಕಾಯಿತು.