ಸರಪಳಿ, ಟಿಪ್ಪಣಿ ಮತ್ತು ಭೀಮೆಯ ದಡದ ಹೊಲ

ಘತ್ತರಗಿಗೆ ಬರುವ ಭಕ್ತರು ಭೀಮೆಯಲ್ಲಿ ಮಿಂದು, ಭಾಗ್ಯವಂತಿಯ ದರ್ಶನ ಪಡೆದು ಮರಳುತ್ತಾರೆ. ಅಫಜಲಪುರ ತಾಲ್ಲೂಕಿನ ಈ ಊರಿನ ರೈತರು ಮಾತ್ರ ಹೊಳೆಯ ಜೊತೆಗೇ ಬಾಳಬೇಕು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ದಡದ ಹೊಲಗಳನ್ನು ಮುಳುಗಿಸಿತು. ಇಂಥ ನೆರೆ ಇಳಿದ ಮೇಲೆ ಬದು ಕೊಚ್ಚಿಹೋಗಿ, ಬಾಂದುಕಲ್ಲು ಹೂಳಿನಲ್ಲಿ ಹೂತರೆ ಯಾರ ಹೊಲ ಎಲ್ಲಿಗೆ ಮುಗಿಯಿತು? ಅದನ್ನು ಅಳೆದು ಹೇಳಬೇಕಾದವರು ಭೂಮಾಪಕರು.

ಸರ್ವೆ ಇಲಾಖೆಯ ನೌಕರರ ಜೊತೆಗೆ ಲೈಸೆನ್ಸ್ ಪಡೆದ ಭೂಮಾಪಕರೂ ಈ ಕೆಲಸದಲ್ಲಿದ್ದಾರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 18ಎ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರು, ಸಿವಿಲ್ ಡಿಪ್ಲೊಮಾ ಮಾಡಿದವರು, ಐಟಿಐನಲ್ಲಿ ಸರ್ವೆ ಕಲಿತವರು ಈ ದಾರಿ ಹಿಡಿಯುತ್ತಾರೆ. ಜಮೀನಿನ ಒಂದು ಭಾಗವನ್ನಷ್ಟೇ ಮಾರುವಾಗ ನೋಂದಣಿಗೆ ಬೇಕಾಗುವ 11ಇ ನಕ್ಷೆ ಇವರ ಮುಖ್ಯ ಕೆಲಸ.

ಈ ಕೆಲಸದ ಪರೀಕ್ಷೆಗೆ ಓದು ಶುರುವಾಗುವುದು ಸರಪಳಿಯಿಂದ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ 40 ಗುಂಟೆ ಸೇರಿದರೆ ಎಕರೆ. ನಾಲ್ಕು ಮೂಲೆಯ ಹೊಲದಲ್ಲಿ ಒಂದು ಮೂಲೆಯಿಂದ ಎದುರಿನ ಮೂಲೆಗೆ 12 ಸರಪಳಿಯ ಆಧಾರ ರೇಖೆ ಎಳೆದು, ಒಂದು ಬದಿಯ ಮೂಲೆಗೆ 5 ಸರಪಳಿ, ಇನ್ನೊಂದು ಬದಿಯ ಮೂಲೆಗೆ 3 ಸರಪಳಿ ಲಂಬ ಬಂತೆನ್ನಿ. 5ಕ್ಕೆ 3 ಕೂಡಿಸಿ, 12ರಿಂದ ಗುಣಿಸಿ, ಅರ್ಧ ಮಾಡಿದರೆ 48 ಗುಂಟೆ. ಬರೆಯುವುದು 1 ಎಕರೆ 8 ಗುಂಟೆ ಎಂದು.

ಎಡವುವುದು ಇಲ್ಲೇ. ಕ್ಯಾಲ್ಕುಲೇಟರ್‌ಗೆ ಒಗ್ಗಿದವರು ಇದನ್ನು 1.8 ಎಕರೆ ಎಂದು ಓದುತ್ತಾರೆ. ದಶಮಾಂಶದಲ್ಲಿ ಅದು 1.2. ಈ ತಪ್ಪು ನಕ್ಷೆಗೆ ಇಳಿದರೆ 24 ಗುಂಟೆ ವ್ಯತ್ಯಾಸ.

ಲೆಕ್ಕಕ್ಕಿಂತ ಕಷ್ಟದ್ದು ದಾಖಲೆ ಓದುವುದು. ಮೂಲ ಅಳತೆ ಟಿಪ್ಪಣಿಯಲ್ಲಿದ್ದರೆ, ಕ್ಷೇತ್ರ ಮತ್ತು ಕಂದಾಯ ಆಕಾರಬಂದ್‌ನಲ್ಲಿರುತ್ತವೆ. ಸಾಗುವಳಿಗೆ ಒದಗದ ನೆಲ ‘ಅ’ ಖರಾಬು. ದಾರಿ, ಹಳ್ಳದಂಥ ಸಾರ್ವಜನಿಕ ನೆಲ ‘ಬ’ ಖರಾಬು. ಆಳಂದ, ಅಫಜಲಪುರ, ಜೇವರ್ಗಿ ಸೀಮೆ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, 1956ರಲ್ಲಿ ಈ ರಾಜ್ಯಕ್ಕೆ ಸೇರಿತು. ಹಾಗಾಗಿ ಹಳೆಯ ಕಾಗದಗಳಲ್ಲಿ ಉರ್ದು ಎದುರಾಗುತ್ತದೆ. ಅದನ್ನು ಬಲ್ಲ ಹಿರಿಯರ ನೆರವು ಇಲ್ಲಿನ ಅಭ್ಯರ್ಥಿಗೆ ದೊಡ್ಡ ಆಸರೆ.

ಈಗ ಉಪಗ್ರಹದ ಸಂಕೇತ ಹಿಡಿಯುವ ರೋವರ್ ಬಂದಿದೆ. ನಿಂತ ಬಿಂದು ಎಲ್ಲಿದೆ ಎಂಬುದನ್ನು ಅದು ಸೆಂಟಿಮೀಟರ್‌ಗಳ ಅಂತರದಲ್ಲಿ ತೋರಿಸಬಲ್ಲದು. ಆದರೆ ಮೂಲ ಅಳತೆಯಲ್ಲಿ ಗಡಿ ಎಲ್ಲಿತ್ತು ಎಂಬುದು ಟಿಪ್ಪಣಿಯಲ್ಲೇ ಸಿಗಬೇಕು.

ಆದ್ದರಿಂದ ಪುಸ್ತಕದ ಓದು ಹೊಲಕ್ಕೂ ಇಳಿಯಬೇಕು. ಮಳೆಗಾಲದಲ್ಲಿ ಎರೆ ಮಣ್ಣು ಕಾಲಿಗೆ ಮೆತ್ತುತ್ತದೆ, ಆಮೇಲೆ ಎತ್ತರದ ತೊಗರಿ ನೋಟಕ್ಕೆ ಅಡ್ಡ ನಿಲ್ಲುತ್ತದೆ. ತೊಗರಿ ರಾಶಿ ಮುಗಿದ ಮೇಲಿನ ಬಯಲೇ ಅಭ್ಯಾಸಕ್ಕೆ ಸರಿ. ಸ್ವಂತ ಊರಿನ ಒಂದು ಸರ್ವೆ ನಂಬರಿನ ಟಿಪ್ಪಣಿ ನಕಲು ಪಡೆದು, ಕಲ್ಲಿಂದ ಕಲ್ಲಿಗೆ ಅಳೆದು, ಬಂದ ಕ್ಷೇತ್ರವನ್ನು ಆಕಾರಬಂದ್‌ಗೆ ತಾಳೆ ನೋಡಿದ ಅಭ್ಯರ್ಥಿಗೆ ಪ್ರಶ್ನೆಪತ್ರಿಕೆಯ ನಕ್ಷೆ ಹೊಸದೆನಿಸದು.