ತಿಲಕ್ ನಗರದ ಕ್ರಾಸಿನಲ್ಲಿ 507 ಕುದುರೆ

ಹಳೇ ಬಿಎಂಡಬ್ಲ್ಯು ಎಂ5 ಕಡಿಮೆ ರೇಟಿಗೆ ಸಿಗ್ತಿದೆ ಅಂತ ಫ್ರೆಂಡ್ ಲಿಂಕ್ ಕಳಿಸಿದ್ದಾರಾ? ಟೋಕನ್ ಅಡ್ವಾನ್ಸ್ ಹಾಕೋ ಮೊದಲು ಇದನ್ನು ಓದಿಬಿಡಿ.

2005ರಲ್ಲಿ ಮಾರುಕಟ್ಟೆಗೆ ಬಂದ ಇ60 ಮಾಡೆಲ್‌ನದ್ದು ಐದು ಲೀಟರಿನ ವಿ10 ಎಂಜಿನ್, 507 ಅಶ್ವಶಕ್ತಿ. ಎಂಟು ಸಾವಿರ ಆರ್‌ಪಿಎಂ ದಾಟಿದರೂ ದಣಿಯಲ್ಲ. ಅಂಥ ಸದ್ದು ಇನ್ನೊಂದು ಸೆಡಾನ್‌ನಲ್ಲಿ ಸಿಗೋದು ಕಷ್ಟ, ಒಪ್ಪೋಣ. ಆದರೆ ಇದರ ರಾಡ್ ಬೇರಿಂಗ್ ಸವೆಯೋದು ಜಗತ್ತಿಗೇ ಗೊತ್ತಿರೋ ಕಾಯಿಲೆ. ಅದು ಕೈಕೊಟ್ಟರೆ ಎಂಜಿನ್ನೇ ಹೋಯ್ತು. ಎಸ್‌ಎಂಜಿ ಗೇರ್‌ಬಾಕ್ಸಿನ ಹೈಡ್ರಾಲಿಕ್ ಪಂಪ್ ಇನ್ನೊಂದು ತಲೆನೋವು. ಕಾರಿನ ಬೆಲೆ ಇಳಿದಿರಬಹುದು, ಬಿಡಿಭಾಗಗಳ ಬೆಲೆ ಇಳಿದಿಲ್ಲ.

ದೆಹಲಿ ಗಾಡಿಯಾದರೆ ಲೆಕ್ಕ ಬೇರೆ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ನಿರ್ಬಂಧ ಇರೋದರಿಂದ ಅಗ್ಗಕ್ಕೆ ಮಾರ್ತಾರೆ. ನಮ್ಮಲ್ಲಿ 20 ಲಕ್ಷ ಮೀರಿದ ಕಾರಿನ ಜೀವಿತಾವಧಿ ತೆರಿಗೆ 18%, ಮೇಲೆ ಸೆಸ್. ವಯಸ್ಸಿಗೆ ತಕ್ಕ ರಿಯಾಯಿತಿ ಉಂಟು. ಆದರೆ ಲೆಕ್ಕ ಹಾಕೋದು ನೀವು ಕೊಟ್ಟ ದುಡ್ಡಿನ ಮೇಲಲ್ಲ, ಹೊಸದಾಗಿದ್ದಾಗಿನ ಬೆಲೆಯ ಮೇಲೆ! ಎನ್‌ಒಸಿ ತಂದು ಕೆಎ-05 ನಂಬರ್ ಹಾಕಿಸೋ ಮುಂಚೆ ಆ ಮೊತ್ತ ಎಷ್ಟಾಗುತ್ತೆ ಅಂತ ಜಯನಗರ ಆರ್‌ಟಿಒದಲ್ಲಿ ಕೇಳಿಕೊಳ್ಳಿ.

ಇನ್ನು ತಿಲಕ್ ನಗರ. ಕ್ರಾಸ್‌ಗಳಲ್ಲಿ ಎರಡೂ ಕಡೆ ಸ್ಕೂಟರ್, ನಡುವೆ ಹಂಪ್. ಇದರ ತಳ ತಗ್ಗು. ಪಾರ್ಕಿಂಗ್ ಇಲ್ಲದ ಮನೆಗೆ ಈ ಕಾರು ಬೇಡವೇ ಬೇಡ.

ಆದ್ರೂ ಬೇಕೇ ಬೇಕಾ? ಬೇರಿಂಗ್ ಬದಲಾಯಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದ್ರೆ ಬದಲಾಯಿಸಿಲ್ಲ ಅಂತಲೇ ತಿಳ್ಕೊಂಡು, ಆ ಖರ್ಚು ಕಳೆದು ರೇಟ್ ಮಾತಾಡಿ.