ಯಾರಿಗೆ ಎಷ್ಟು ಕಾಣುತ್ತದೆ: ತಂತಿ ಕಾನೂನಿನಿಂದ ಮೊಬೈಲ್‌ವರೆಗೆ ಕಣ್ಗಾವಲು ಬೆಳೆದ ದಾರಿ

ಅಂತರ್ಜಾಲ ಬಳಸುವವರ ಮೇಲೆ ಕಣ್ಣಿಡಬಲ್ಲವರು ಹಲವರು. ವೈಫೈ ಕೊಟ್ಟವರು, ಸಿಮ್ ಕಂಪನಿ, ತೆರೆದು ನೋಡಿದ ಜಾಲತಾಣ, ಅದರೊಳಗಿನ ಜಾಹೀರಾತು ಜಾಲ, ಫೋನಿನಲ್ಲಿರುವ ಆ್ಯಪ್‌ಗಳು, ಕಾನೂನಿನ ಬಲವುಳ್ಳ ಸರ್ಕಾರಿ ಸಂಸ್ಥೆಗಳು, ಕೊನೆಗೆ ವಂಚಕರು. ಇವರಲ್ಲಿ ಯಾರಿಗೂ ಎಲ್ಲವೂ ಕಾಣುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಪಾಲು ಕಾಣುತ್ತದೆ. ಖಾಸಗಿತನ ಉಳಿಸಿಕೊಳ್ಳುವ ಕೆಲಸ ಶುರುವಾಗುವುದು ಯಾರ ಪಾಲು ಯಾವುದು ಎಂದು ತಿಳಿಯುವುದರಿಂದ. ಈ ವ್ಯವಸ್ಥೆ ಬೆಳೆದ ದಾರಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ, ಅದರಲ್ಲೂ ಕಾರವಾರ ಮತ್ತು ಅಂಕೋಲಾದ ಹೆಸರು ಮತ್ತೆ ಮತ್ತೆ ಬರುತ್ತದೆ.

ಮೂಲ ಇರುವುದು 1885ರ ಭಾರತೀಯ ತಂತಿ ಕಾಯ್ದೆಯಲ್ಲಿ. ಸಾರ್ವಜನಿಕ ತುರ್ತು ಸಂದರ್ಭದಲ್ಲಿ ಅಥವಾ ಸಾರ್ವಜನಿಕ ಸುರಕ್ಷತೆಗಾಗಿ ಸಂದೇಶಗಳನ್ನು ತಡೆದು ನೋಡುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. ಅಂಚೆಗೂ ಅಂಥದೇ ಅಧಿಕಾರ 1898ರ ಅಂಚೆ ಕಾಯ್ದೆಯಲ್ಲಿ ಬಂತು. 1930ರ ಏಪ್ರಿಲ್‌ನಲ್ಲಿ ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಚಳವಳಿಗಾರರ ಕಾಗದ, ತಂತಿಗಳನ್ನು ತೆರೆದು ನೋಡಲು ಬ್ರಿಟಿಷ್ ಆಡಳಿತದ ಕೈಯಲ್ಲಿ ಈ ಎರಡೂ ಕಾನೂನುಗಳಿದ್ದವು. ಸ್ವಾತಂತ್ರ್ಯ ಬಂದ ಮೇಲೂ ಅವು ಹಾಗೆಯೇ ಉಳಿದವು. ತಂತಿಗೆ ಬರೆದ ಕಾನೂನು ದೂರವಾಣಿಗೂ ಅನ್ವಯಿಸಿತು.

ಆ ಅಧಿಕಾರದ ಬಳಕೆ ಒಂದು ಸರ್ಕಾರದ ಮುಖ್ಯಸ್ಥರ ಕುರ್ಚಿಯನ್ನೇ ಕಿತ್ತದ್ದು ಕರ್ನಾಟಕದಲ್ಲಿ. ಇದೇ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ ಹುಟ್ಟಿದ ರಾಮಕೃಷ್ಣ ಹೆಗಡೆ, ರಾಜಕಾರಣಿಗಳ ಮತ್ತಿತರರ ದೂರವಾಣಿ ಕದ್ದಾಲಿಸಿದ ಆರೋಪ ಎದುರಾಗಿ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಫೋನ್ ಕದ್ದಾಲಿಕೆ ಎಂಬುದು ಹೊಣೆ ಹೊರಬೇಕಾದ ತಪ್ಪು ಎಂದು ಕನ್ನಡ ನಾಡಿನ ಸಾಮಾನ್ಯ ಓದುಗನಿಗೆ ಮನದಟ್ಟಾದದ್ದು ಆಗ. 2019ರಲ್ಲಿ ರಾಜ್ಯದಲ್ಲಿ ಅಂಥದೇ ಆರೋಪ ಮತ್ತೆ ಎದ್ದು ತನಿಖೆ ಸಿಬಿಐ ಕೈಗೆ ಹೋಯಿತು.

1996ರ ಡಿಸೆಂಬರ್‌ನಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ಕಟ್ಟುಪಾಡು ಹಾಕಿತು. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಗೃಹ ಕಾರ್ಯದರ್ಶಿಯೇ ಆದೇಶ ಹೊರಡಿಸಬೇಕು, ಅದನ್ನು ಪರಿಶೀಲನಾ ಸಮಿತಿ ನೋಡಬೇಕು ಎಂದಿತು. ಮುಂದೆ ಬಂದ ನಿಯಮಗಳ ಪ್ರಕಾರ ಒಂದು ಆದೇಶದ ಆಯುಷ್ಯ 60 ದಿನ, ಮುಂದುವರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ಆದರೆ ಸಮಿತಿಯಲ್ಲಿರುವವರೆಲ್ಲ ಅಧಿಕಾರಿಗಳೇ. ಆದೇಶ ಕೊಡುವವರೂ ಸರ್ಕಾರದವರು, ಅದನ್ನು ಪರಿಶೀಲಿಸುವವರೂ ಸರ್ಕಾರದವರು. ಮುಂಚಿತವಾಗಿ ನ್ಯಾಯಾಧೀಶರ ಒಪ್ಪಿಗೆ ಬೇಕೆಂಬ ವಾದವನ್ನು ಕೋರ್ಟ್ ಅಂದು ಒಪ್ಪಲಿಲ್ಲ. ಭಾರತದ ಕಣ್ಗಾವಲು ಕಾನೂನಿನ ದೊಡ್ಡ ಕೊರತೆ ಇದು. 2023ರ ದೂರಸಂಪರ್ಕ ಕಾಯ್ದೆ ಮತ್ತು 2024ರ ಡಿಸೆಂಬರ್‌ನಲ್ಲಿ ಬಂದ ಹೊಸ ನಿಯಮಗಳೂ ಅದನ್ನು ತುಂಬಲಿಲ್ಲ.

ಜನಸಾಮಾನ್ಯರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂತು. ಮುಂಬೈ ದಾಳಿಯ ಮರುತಿಂಗಳು, 2008ರ ಡಿಸೆಂಬರ್‌ನಲ್ಲಿ, ಲೋಕಸಭೆ ಅದರ ತಿದ್ದುಪಡಿಯನ್ನು ಚರ್ಚೆಯಿಲ್ಲದೆ ಅಂಗೀಕರಿಸಿತು. ಹಾಗೆ ಹಿಗ್ಗಿದ 69ನೇ ಸೆಕ್ಷನ್ ಯಾವುದೇ ಕಂಪ್ಯೂಟರಿನ ಮಾಹಿತಿಯನ್ನು ತಡೆಯಲು, ಗಮನಿಸಲು, ಗೂಢಲಿಪಿ ಬಿಡಿಸಲು ಅವಕಾಶ ಕೊಟ್ಟಿತು. ತಂತಿ ಕಾಯ್ದೆಯಲ್ಲಿದ್ದ ‘ಸಾರ್ವಜನಿಕ ತುರ್ತು’ ಎಂಬ ಷರತ್ತು ಇಲ್ಲಿ ಬಿದ್ದುಹೋಯಿತು, ಅಪರಾಧದ ತನಿಖೆ ಎಂಬ ಕಾರಣವೇ ಸಾಕಾಯಿತು. ಬ್ರಿಟಿಷರು ಬರೆದ ಕಾನೂನಿಗಿಂತ ಸ್ವತಂತ್ರ ಭಾರತದ ಕಾನೂನು ಈ ವಿಷಯದಲ್ಲಿ ಸಡಿಲ ಎನ್ನುವುದು ಬೇಸರದ ಸಂಗತಿ. 2018ರ ಡಿಸೆಂಬರ್ 20ರ ಆದೇಶ ಗುಪ್ತಚರ ದಳ, ಸಿಬಿಐ, ಎನ್‌ಐಎ, ಜಾರಿ ನಿರ್ದೇಶನಾಲಯ ಸೇರಿ 10 ಸಂಸ್ಥೆಗಳನ್ನು ಈ ಅಧಿಕಾರಕ್ಕಾಗಿ ಹೆಸರಿಸಿತು.

ಮೊಬೈಲಿನಲ್ಲಿ ನೆಟ್ ಅಗ್ಗವಾಗುವ ಮೊದಲು ಪರೀಕ್ಷೆಯ ಫಲಿತಾಂಶ ನೋಡಲು, ಅರ್ಜಿ ತುಂಬಲು, ಊರು ಬಿಟ್ಟವರಿಗೆ ಮೇಲ್ ಕಳಿಸಲು ಸಣ್ಣ ಊರುಗಳ ಜನ ಹೋಗುತ್ತಿದ್ದುದು ಸೈಬರ್ ಕೆಫೆಗೆ. ಅಲ್ಲಿನ ಕಣ್ಗಾವಲು ಬರಿಗಣ್ಣಿಗೇ ಕಾಣುವಂತಿತ್ತು. 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಬಂದವರ ಗುರುತಿನ ಚೀಟಿ ನೋಡಿ, ಹೆಸರು, ವಿಳಾಸ, ಕೂತ ಕಂಪ್ಯೂಟರ್, ಬಂದ ಮತ್ತು ಹೋದ ಹೊತ್ತನ್ನು ಪುಸ್ತಕದಲ್ಲಿ ಬರೆದು ವರ್ಷ ಕಾಲ ಇಡಬೇಕಿತ್ತು. ನೋಡಿದ ತಾಣಗಳ ದಾಖಲೆಯನ್ನೂ ಅಷ್ಟೇ ಕಾಲ ಕಾಪಿಡಬೇಕಿತ್ತು. ಕ್ಯಾಬಿನ್ನಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರುವಂತಿರಲಿಲ್ಲ, ಕ್ಯಾಬಿನ್ ಇಲ್ಲದ ಕಂಪ್ಯೂಟರಿನ ಪರದೆ ಹೊರಮುಖವಾಗಿ ಇರಬೇಕಿತ್ತು. ಕೂತವರಿಗೆ ತಮ್ಮನ್ನು ಯಾರು ನೋಡುತ್ತಿದ್ದಾರೆ ಎಂಬುದಾದರೂ ಗೊತ್ತಿತ್ತು.

ಮೊಬೈಲು ಬಂದ ಮೇಲೆ ಆ ಪುಸ್ತಕ ಕಣ್ಮರೆಯಾಗಿ ಹಲವು ಕಡೆ ಹಂಚಿಹೋಯಿತು. ಅಂಕೋಲಾದ ಲಾಡ್ಜ್ ಒಂದರ ವೈಫೈಯಲ್ಲಿ ಒಬ್ಬರು ಬ್ಯಾಂಕಿನ ತಾಣ ತೆರೆದರು ಎಂದುಕೊಳ್ಳೋಣ. ಫೋನು ಮೊದಲು ತಾಣದ ಹೆಸರಿಗೆ ಹೊಂದುವ ಸಂಖ್ಯೆಯನ್ನು ವಿಚಾರಿಸುತ್ತದೆ. ಈ ವಿಚಾರಣೆ ಹೆಚ್ಚಾಗಿ ಗೂಢಲಿಪಿಯಿಲ್ಲದೆ ಹೋಗುವುದರಿಂದ ವೈಫೈ ನಡೆಸುವವರಿಗೂ ಇಂಟರ್ನೆಟ್ ಕಂಪನಿಗೂ ತಾಣದ ಹೆಸರು ಕಾಣುತ್ತದೆ. ಆಮೇಲೆ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿ ವ್ಯವಸ್ಥೆ ಶುರುವಾಗಿ, ಪಾಸ್‌ವರ್ಡ್, ಖಾತೆಯ ಮೊತ್ತ, ತೆರೆದ ಪುಟ ಯಾವುದೂ ನಡುವಿನವರಿಗೆ ಕಾಣುವುದಿಲ್ಲ. ಅಮೆರಿಕದ ಬೃಹತ್ ಕಣ್ಗಾವಲನ್ನು ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಬಯಲು ಮಾಡಿದ ಮೇಲೆ ಈ ಗೂಢಲಿಪಿ ಬಹುಪಾಲು ತಾಣಗಳಿಗೆ ಹರಡಿತು. 2016ರಲ್ಲಿ ವಾಟ್ಸ್‌ಆ್ಯಪ್‌ನ ಮಾತುಕತೆಗೂ ಬಂತು.

ಒಳಗಿನ ಮಾತು ಮುಚ್ಚಿಹೋದಷ್ಟೂ ಹೊರಗಿನ ವಿವರಕ್ಕೆ ಬೆಲೆ ಏರಿತು. ಯಾರು, ಯಾರೊಂದಿಗೆ, ಯಾವ ಹೊತ್ತಿಗೆ, ಯಾವ ಟವರಿನಿಂದ ಎಂಬ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಡಬೇಕೆಂದು ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಸೂಚಿಸಿತು. ಕರೆಯ ಮಾತು ಕೇಳಲು ಗೃಹ ಕಾರ್ಯದರ್ಶಿಯ ಆದೇಶ ಬೇಕು. ಕರೆಯ ವಿವರಕ್ಕೆ, ಅಂದರೆ ಪೊಲೀಸರು ಸಿಡಿಆರ್ ಎನ್ನುವ ಪಟ್ಟಿಗೆ, ಎಸ್‌ಪಿ ದರ್ಜೆಯ ಅಧಿಕಾರಿ ಕೇಳಿದರೆ ಸಾಕು. ಒಬ್ಬರ ತಿಂಗಳ ಟವರ್ ಪಟ್ಟಿ ಕೈಯಲ್ಲಿದ್ದರೆ ಅವರ ಮನೆ, ಕಚೇರಿ, ಆಸ್ಪತ್ರೆ, ದೇವಸ್ಥಾನ ಎಲ್ಲವನ್ನೂ ಊಹಿಸಬಹುದು.

ಅದೇ ಮಾಹಿತಿ ಆಪತ್ತಿನಲ್ಲಿ ಆಸರೆಯೂ ಆಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದಾಗ, ಕೇರಳದ ಚಾಲಕರೊಬ್ಬರ ಮನೆಯವರು ಅವರ ಲಾರಿಯ ಜಿಪಿಎಸ್ ಕೊನೆಗೆ ತೋರಿಸಿದ ಜಾಗವನ್ನು ಹಿಡಿದೇ ಹುಡುಕಾಟಕ್ಕೆ ಒತ್ತಾಯಿಸಿದರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗಂಗಾವಳಿ ನದಿಯಲ್ಲಿ. ಆದ್ದರಿಂದ ಸ್ಥಳದ ದಾಖಲೆಯೇ ಇರಬಾರದು ಎಂದು ವಾದಿಸುವುದು ಸರಿಯಲ್ಲ. ಅದು ಯಾರ ಕೈಗೆ, ಯಾವ ಕಾರಣಕ್ಕೆ ಸಿಗಬೇಕು ಎಂಬುದೇ ತೀರ್ಮಾನವಾಗಬೇಕಾದ ವಿಷಯ.

ಕಾರವಾರದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಎಂಬ ನೌಕಾನೆಲೆ ಯೋಜನೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಕರಾವಳಿ ಹಳ್ಳಿಗಳ ಸಾವಿರಾರು ಕುಟುಂಬಗಳನ್ನು ಎಬ್ಬಿಸಿತು. 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ನೆಲೆ ಸೇವೆಗೆ ಬಂತು. ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ತಂಗುದಾಣ ಇದೇ. 2019ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್‌ನಲ್ಲಿ ಹೆಣ್ಣಿನ ಹೆಸರಿನ ಖಾತೆಗಳ ಗೆಳೆತನಕ್ಕೆ ಬಿದ್ದು ಹಡಗುಗಳ ಚಲನವಲನದ ಮಾಹಿತಿಯನ್ನು ಪಾಕಿಸ್ತಾನಕ್ಕೆ ಕೊಟ್ಟ ಆರೋಪದ ಮೇಲೆ ವಿಶಾಖಪಟ್ಟಣ, ಮುಂಬೈ, ಕಾರವಾರಗಳಲ್ಲಿ ಏಳು ನಾವಿಕರ ಬಂಧನವಾಯಿತು. ತಿಂಗಳ ಕೊನೆಗೆ ನೌಕಾಪಡೆ ತನ್ನ ಹಡಗು ಮತ್ತು ನೆಲೆಗಳಲ್ಲಿ ಸ್ಮಾರ್ಟ್‌ಫೋನ್, ಫೇಸ್‌ಬುಕ್ ಎರಡನ್ನೂ ನಿಷೇಧಿಸಿತು. 2025ರ ಫೆಬ್ರುವರಿಯಲ್ಲಿ ಅಂಥದೇ ಆರೋಪದಡಿ ಎನ್‌ಐಎ ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿತು. ಹಣಕ್ಕಾಗಿ ಕಾರವಾರ ಮತ್ತು ಕೊಚ್ಚಿ ನೌಕಾನೆಲೆಗಳ ಮಾಹಿತಿ ದಾಟಿಸಿದರು ಎಂಬುದು ಅದರ ದೂರು. ಈ ಪ್ರಕರಣಗಳಲ್ಲಿ ಗೂಢಲಿಪಿ ಒಡೆಯಬೇಕಾದ ಕೆಲಸವೇ ಇರಲಿಲ್ಲ, ಸಾಮಾಜಿಕ ಜಾಲತಾಣದ ಪರಿಚಯವೇ ಬಾಗಿಲಾಗಿತ್ತು.

ಉದ್ದೇಶವಿಲ್ಲದೆಯೂ ಮಾಹಿತಿ ಸೋರಬಹುದು. ಓಟದ ದಾಖಲೆ ಇಡುವ ಸ್ಟ್ರಾವಾ ಆ್ಯಪ್ 2017ರಲ್ಲಿ ಬಳಕೆದಾರರ ಓಟದ ಹಾದಿಗಳನ್ನೆಲ್ಲ ಸೇರಿಸಿ ಜಗತ್ತಿನ ನಕ್ಷೆ ಪ್ರಕಟಿಸಿತು. ಹಲವು ದೇಶಗಳ ಸೇನಾ ನೆಲೆಗಳ ಒಳದಾರಿಗಳು ಅದರಲ್ಲಿ ಹೊಳೆಯುತ್ತಿದ್ದುದು 2018ರ ಜನವರಿಯಲ್ಲಿ ಬೆಳಕಿಗೆ ಬಂತು.

ಖಾಸಗಿತನಕ್ಕೆ ಸಂವಿಧಾನದ ರಕ್ಷೆ ದೊರಕಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ, 86ರ ವಯಸ್ಸಿನಲ್ಲಿ, ಅವರು ಸಲ್ಲಿಸಿದ ಅರ್ಜಿಯ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಅದರ ಬೆನ್ನಿಗೆ ಬರಬೇಕಿದ್ದ ದತ್ತಾಂಶ ರಕ್ಷಣೆಯ ಕಾಯ್ದೆಗೆ ಆರು ವರ್ಷ ಹಿಡಿಯಿತು. 2023ರ ಆ ಕಾಯ್ದೆ ಕಂಪನಿಗಳು ಜನರ ಒಪ್ಪಿಗೆ ಪಡೆಯಬೇಕು, ಕೇಳಿದರೆ ಮಾಹಿತಿ ಅಳಿಸಬೇಕು ಎನ್ನುತ್ತದೆ. ಸರ್ಕಾರ ಹೆಸರಿಸಿದ ತನ್ನ ಸಂಸ್ಥೆಗಳಿಗೆ ಮಾತ್ರ ವಿನಾಯಿತಿ ಕೊಡುತ್ತದೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು.

ಬಳಕೆದಾರರು ತಾವೇ ಮಾಡಿಕೊಳ್ಳಬಹುದಾದ ರಕ್ಷಣೆ ಯಾರ ಕಣ್ಣಿಂದ ಎಂಬುದರ ಮೇಲೆ ನಿಂತಿದೆ. ಬ್ರೌಸರಿನ ಇನ್‌ಕಾಗ್ನಿಟೊ ಅದೇ ಫೋನು ಬಳಸುವ ಮನೆಯವರಿಂದ ಇತಿಹಾಸವನ್ನು ಮರೆಮಾಡುತ್ತದೆ, ಇಂಟರ್ನೆಟ್ ಕಂಪನಿಯಿಂದಲೋ ತಾಣದಿಂದಲೋ ಅಲ್ಲ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿರುವ ಪ್ರೈವೇಟ್ ಡಿಎನ್‌ಎಸ್ ಆನ್ ಮಾಡಿದರೆ ತಾಣದ ಹೆಸರಿನ ವಿಚಾರಣೆ ಗೂಢಲಿಪಿಯಲ್ಲಿ ಹೋಗುತ್ತದೆ, ಆದರೂ ಸಂಪರ್ಕ ಕೂಡುವ ಹೊತ್ತಿಗೆ ಹೆಸರು ಮತ್ತೆ ಕಾಣಬಹುದು. ವಿಪಿಎನ್ ಅದನ್ನೂ ಮುಚ್ಚುತ್ತದೆ, ಆದರೆ ಆಗ ಇಂಟರ್ನೆಟ್ ಕಂಪನಿಗೆ ಕಾಣುತ್ತಿದ್ದುದು ವಿಪಿಎನ್ ಕಂಪನಿಗೆ ಕಾಣುತ್ತದೆ. ಗ್ರಾಹಕರ ವಿವರವನ್ನು ಐದು ವರ್ಷ ಇಡಬೇಕೆಂದು 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಆದೇಶಿಸಿದಾಗ ಹಲವು ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು. ಹಣ ತೆಗೆದುಕೊಳ್ಳದ ವಿಪಿಎನ್ ತನ್ನ ಖರ್ಚನ್ನು ಬಳಕೆದಾರರ ಮಾಹಿತಿಯಿಂದಲೇ ಗಿಟ್ಟಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಆ್ಯಪ್‌ಗಳ ಕಣ್ಣು ಕಟ್ಟುವುದು ಸುಲಭ, ಫಲವೂ ದೊಡ್ಡದು. ಟಾರ್ಚ್‌ಗೆ ಕಾಂಟ್ಯಾಕ್ಟ್ಸ್ ಬೇಕಿಲ್ಲ, ಕ್ಯಾಲೆಂಡರಿಗೆ ಲೊಕೇಶನ್ ಬೇಕಿಲ್ಲ. ಲೊಕೇಶನ್ ಬೇಕಾದ ಕಡೆ ‘ಬಳಸುವಾಗ ಮಾತ್ರ’ ಎಂಬ ಆಯ್ಕೆ ಸಾಕು. ವಾಟ್ಸ್‌ಆ್ಯಪ್ ಬ್ಯಾಕಪ್‌ಗೆ ಪ್ರತ್ಯೇಕವಾಗಿ ಗೂಢಲಿಪಿ ಹಾಕಬೇಕು, ಲಿಂಕ್ಡ್ ಡಿವೈಸಸ್ ಪಟ್ಟಿಯಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ತೆಗೆದುಹಾಕಬೇಕು. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಕೇಂದ್ರದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. 2021ರಲ್ಲಿ ಸುದ್ದಿಯಾದ ಪೆಗಾಸಸ್‌ನಂಥ ಗೂಢಚರ ತಂತ್ರಾಂಶ ಫೋನಿನೊಳಗೇ ಕೂತು ಪರದೆಯನ್ನು ಓದುವುದರಿಂದ ಅದರ ಮುಂದೆ ಯಾವ ಗೂಢಲಿಪಿಯೂ ನಿಲ್ಲದು. ಫೋನನ್ನು ಅಪ್‌ಡೇಟ್ ಮಾಡುತ್ತಿರುವುದು, ಐಫೋನಿನಲ್ಲಾದರೆ ಲಾಕ್‌ಡೌನ್ ಮೋಡ್, ಇವೇ ಇರುವ ತಡೆ. ವಂಚಕರ ಕೈಗೆ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ದೂರನ್ನು ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕದ್ರವ್ಯ) ಅಪರಾಧ ಠಾಣೆಯಲ್ಲಿ ಕೊಡಬಹುದು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ದಾಟಿದ ಖಾತೆಯನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ.